ಪಬ್‌ಮೆಡ್ ಪಾಠ ಯಾರು ಮಾಡಬೇಕು?

ಪ್ರಶ್ನೆ: ಬಿ.ಎಸ್ಸಿ. ನರ್ಸಿಂಗ್ ಕೊನೆ ವರ್ಷದವರಿಗೆ ನಾನು ರಿಸರ್ಚ್ ಪಾಠ ಮಾಡುತ್ತೇನೆ. ನಮ್ಮ ಲೈಬ್ರರಿಯನ್ ಆನ್‌ಲೈನ್ ಕ್ಲಾಸ್ ತೆಗೆದುಕೊಂಡು, ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ತಾಣ ಬಳಸುವುದನ್ನು ಹೇಳಿಕೊಟ್ಟರು. ಆದರೂ ಮಕ್ಕಳು ಪ್ರಾಜೆಕ್ಟಿಗೆ ಗೂಗಲ್‌ನಲ್ಲಿ ಸಿಕ್ಕಿದ್ದನ್ನೇ ತಂದಿದ್ದಾರೆ. ಇನ್ನು ಮುಂದೆ ನಾನೇ ಕಲಿಸಿಬಿಡಲೇ?
– ಉಪನ್ಯಾಸಕಿ, ಹಾಸನ ಜಿಲ್ಲೆ

ಉತ್ತರ: ಬೇಡ ಮೇಡಂ. ನೀವೊಬ್ಬರೇ ಕಲಿಸಿದರೂ ಅಷ್ಟೇ, ಅವರೊಬ್ಬರೇ ಕಲಿಸಿದರೂ ಅಷ್ಟೇ. ನಾನೂ ಲೈಬ್ರರಿಯನ್. ಕ್ಯಾಮೆರಾ ಆಫ್ ಮಾಡಿಕೊಂಡ ಹೆಸರುಗಳ ಮುಂದೆ ಮಾತಾಡಿ ಅಭ್ಯಾಸವಿದೆ. ಏನು ಹುಡುಕಬೇಕು ಅಂತಲೇ ಗೊತ್ತಿಲ್ಲದವರಿಗೆ ಹೇಗೆ ಹುಡುಕಬೇಕು ಅಂತ ಹೇಳಿದರೆ ನಿದ್ದೆ ಬರದೆ ಇನ್ನೇನು?

ಇಬ್ಬರೂ ಒಂದೇ ಕ್ಲಾಸಿನಲ್ಲಿ ಕೂರಿ. ಅದೂ ಪ್ರಾಜೆಕ್ಟಿನ ವಿಷಯ ಗಟ್ಟಿಯಾಗುವ ವಾರದಲ್ಲೇ. ಪ್ರಶ್ನೆ ವಾರ್ಡಿನಿಂದ ಬರಲಿ: ಐಸಿಯು ರೋಗಿಯ ಮಗ್ಗುಲನ್ನು ಎರಡು ಗಂಟೆಗೊಮ್ಮೆ ಬದಲಿಸಿದರೆ ಬೆಡ್ ಸೋರ್ (ಮಲಗಿದಲ್ಲೇ ಇದ್ದು ಆಗುವ ಹುಣ್ಣು) ಕಡಿಮೆಯೋ, ನಾಲ್ಕು ಗಂಟೆಗೊಮ್ಮೆ ಸಾಕೋ? ರೋಗಿ ಯಾರು, ಏನು ಮಾಡುತ್ತೇವೆ, ಯಾವುದಕ್ಕೆ ಹೋಲಿಸುತ್ತೇವೆ, ಫಲ ಏನು ಅಂತ ಪಿಕೊ ಪ್ರಕಾರ ನೀವು ಬಿಡಿಸಿ. ಆಮೇಲೆ ಲೈಬ್ರರಿಯನ್ ಎಲ್ಲರೆದುರೇ ಪಬ್‌ಮೆಡ್‌ನಲ್ಲಿ ‘ಬೆಡ್ ಸೋರ್’ ಅಂತ ಟೈಪ್ ಮಾಡಲಿ. ಅಡ್ವಾನ್ಸ್ಡ್ ಪುಟದಲ್ಲಿ ಡೀಟೇಲ್ಸ್ ತೆರೆದರೆ, ಅದು ‘ಪ್ರೆಶರ್ ಅಲ್ಸರ್’ ಅನ್ನುವ ಮೆಶ್ ಪದವನ್ನೂ, ಅಂದರೆ ಆ ವಿಷಯಕ್ಕೆ ಸೂಚಿಯಲ್ಲಿ ಗೊತ್ತುಮಾಡಿದ ಹೆಸರನ್ನೂ, ಸೇರಿಸಿಕೊಂಡು ಹುಡುಕಿದ್ದು ಕಾಣುತ್ತದೆ.

ಲೇಖನಗಳು ರಾಶಿ ಬಿದ್ದಾಗ ನೀವು ಮಧ್ಯೆ ಬಾಯಿ ಹಾಕಬೇಕು. ‘ಈ ಅಧ್ಯಯನದಲ್ಲಿ ರೋಗಿಗೆ ಕೊಟ್ಟ ಹಾಸಿಗೆ ಯಾವುದು? ನಮ್ಮ ವಾರ್ಡಿನಲ್ಲಿ ಅಂಥದ್ದು ಇದೆಯಾ?’ ಈ ಪ್ರಶ್ನೆ ನನ್ನಂಥವನಿಗೆ ಹೊಳೆಯುವುದೇ ಇಲ್ಲ.

ಅಂದಹಾಗೆ, ನರ್ಸಿಂಗ್ ಲೇಖನಗಳ ದೊಡ್ಡ ಸೂಚಿ ಸಿನಾಲ್ ಶುರುವಾದದ್ದು ಲಾಸ್ ಏಂಜಲೀಸ್‌ನ ಆಸ್ಪತ್ರೆ ಲೈಬ್ರರಿಯನ್ ಎಲಾ ಕ್ರ್ಯಾಂಡಲ್ ನರ್ಸ್‌ಗಳಿಗಾಗಿ ಬರೆದಿಟ್ಟ ಕಾರ್ಡುಗಳಿಂದ. ಅದು ಅಚ್ಚಾಗಿದ್ದು 1961ರಲ್ಲಿ. ಲೈಬ್ರರಿಯನ್ನರ, ನರ್ಸ್‌ಗಳ ನಂಟು ಹಳೆಯದು, ಅಲ್ವಾ?

ಇನ್ನು ಮಾರ್ಕ್ಸ್. ಬರೀ ಲೇಖನಗಳ ಪಟ್ಟಿಗೆ ಕೊಡಬೇಡಿ, ಹುಡುಕಿದ ದಾರಿಗೂ ಸ್ವಲ್ಪ ಕೊಡಿ. ಪಬ್‌ಮೆಡ್‌ನ ಹಿಸ್ಟರಿಯನ್ನು ಡೌನ್‌ಲೋಡ್ ಮಾಡಿ ಪ್ರಾಜೆಕ್ಟಿಗೆ ಲಗತ್ತಿಸಲಿ. ಸುಮ್ನೆ ಕಾಪಿ ಹೊಡೆದವರು ಅಲ್ಲೇ ಗೊತ್ತಾಗುತ್ತಾರೆ.

ಪಬ್‌ಮೆಡ್‌ನಲ್ಲಿ ಜಾಸ್ತಿ ಸಿಗುವುದು ಸಾರಾಂಶ ಮಾತ್ರ. ಪೂರ್ತಿ ಲೇಖನ ಬೇಕಾದರೆ ಫ್ರೀ ಫುಲ್ ಟೆಕ್ಸ್ಟ್ ಫಿಲ್ಟರ್ ಒತ್ತಬೇಕು. ನಿಮ್ಮದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕಾಲೇಜಾದರೆ ಅದರ ಡಿಜಿಟಲ್ ಲೈಬ್ರರಿ ಹೆಲಿನೆಟ್‌ನಲ್ಲೂ ನೋಡಿ. ಮನೆಯಿಂದ ಲಾಗಿನ್ ಆಗುವುದು ಹೇಗೆ ಅಂತ ಲೈಬ್ರರಿಯನ್ ಹತ್ತಿರ ಒಂದು ಚಿಕ್ಕ ವಿಡಿಯೊ ಮಾಡಿಸಿ, ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿ. ಗುಂಪಿಗೆ ಅವರನ್ನೂ ಸೇರಿಸಿಕೊಳ್ಳಿ. ಡ್ಯೂಟಿ ಮುಗಿಸಿ ಹಾಸ್ಟೆಲಿಗೆ ಬಂದ ಮೇಲೆಯೇ ಮಕ್ಕಳಿಗೆ ಅನುಮಾನಗಳು ಹುಟ್ಟುವುದು.