ಆಂಥೂರಿಯಂ ಬೇರಿಗೆ ಗಾಳಿ ಬೇಕು

ಪ್ರಶ್ನೆ: ಆಂಥೂರಿಯಂ ಕುಂಡಕ್ಕೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ್ದೆ. ಎಲೆಯ ಅಂಚು ಕಂದಾಗಿದೆ, ಬೇರು ಕೊಳೆಯುತ್ತಿದೆ. ಯಾಕೆ ಮೇಡಂ?
– ಓದುಗರೊಬ್ಬರು, ಸಾಗರ

ಉತ್ತರ: ಅಯ್ಯೋ, ಒಂದು ಮಳೆಗಾಲದಲ್ಲಿ ನನ್ನ ನಾಲ್ಕು ಗಿಡಗಳೂ ಹೀಗೇ ಹೋದವು. ಕೋಕೋಪೀಟ್ ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುತ್ತದೆ. ಈ ಗಿಡದ ಬೇರಿಗೆ ಗಾಳಿ ಬೇಕಲ್ವಾ? ಒಣಗಿದ ತೆಂಗಿನ ಸಿಪ್ಪೆಯನ್ನು ಹೆಬ್ಬೆರಳ ಉಗುರಿನಷ್ಟು ತುಂಡು ಮಾಡಿ ಬಕೆಟ್ಟಿನಲ್ಲಿ ನೆನೆಹಾಕಿ. ಮೊದಲ ದಿನದ ನೀರು ಚಹಾ ಡಿಕಾಕ್ಷನ್ನಿನ ಹಾಗೆ ಕಂದಾಗಿರುತ್ತದೆ. ಎಲೆಯಂಚು ಸುಡುವ ಉಪ್ಪಿನಂಶ ಆ ನೀರಿನಲ್ಲೇ ಹೋಗುವುದು. ತಿಳಿಯಾಗುವವರೆಗೂ ನೀರು ಬದಲಿಸಿ. ನಾನು ಮೂರು ಪಾಲು ತುಂಡಿಗೆ ಒಂದು ಪಾಲು ಕೋಕೋಪೀಟ್, ಒಂದು ಹಿಡಿ ಇದ್ದಿಲು ಹಾಕುತ್ತೇನೆ. ಕೊಳೆತ ಬೇರು ಕತ್ತರಿಸಿ ನೆಡಿ. ಸಿಪ್ಪೆಯಲ್ಲಿ ಸಾರ ಕಡಿಮೆ. 15 ದಿನಕ್ಕೊಮ್ಮೆ ತೆಳುವಾದ ಗೊಬ್ಬರದ ನೀರು ಕೊಡಿ.