ತೆರಿಗೆ ಏಕೆ ಏರಿತು? ಘೋಷಣಾ ಪತ್ರ ತೆಗೆದು ನೋಡಿ

ಪ್ರಶ್ನೆ: ಚಿಕ್ಕಮಗಳೂರು ನಗರಸಭೆಯ ವ್ಯಾಪ್ತಿಯಲ್ಲಿ ತಂದೆಯವರು ಕಟ್ಟಿಸಿದ ಹೆಂಚಿನ ಮನೆಯೊಂದಿದೆ. ಮುಂಭಾಗದ ಒಂದು ಕೋಣೆಯನ್ನು ಎರಡು ವರ್ಷದ ಹಿಂದೆ ಟೈಲರ್ ಅಂಗಡಿಗೆ ಬಾಡಿಗೆಗೆ ಕೊಟ್ಟೆವು. ಆಸ್ತಿ ತೆರಿಗೆ ಏರುತ್ತಲೇ ಇದೆ. ಚಲನ್‌ನಲ್ಲಿ ತೆರಿಗೆಯ ಕೆಳಗೆ ನಾನಾ ಉಪಕರಗಳಿವೆ. ಇವೆಲ್ಲ ಏನು? ಖಾತೆ (ನಗರಸಭೆಯ ಆಸ್ತಿ ದಾಖಲೆ) ಇನ್ನೂ ದಿವಂಗತ ತಂದೆಯವರ ಹೆಸರಿನಲ್ಲಿದ್ದು, ತೆರಿಗೆಯನ್ನು ನಾನೇ ಕಟ್ಟುತ್ತಿದ್ದೇನೆ. ಇದರಿಂದ ಮನೆ ನನ್ನದೆಂದು ಆಗುತ್ತದೆಯೇ?

ಉತ್ತರ: ಚಲನ್‌ನ ಕೊನೆಯಲ್ಲಿರುವ ಒಟ್ಟು ಮೊತ್ತವನ್ನು ನೋಡಿ ಬೇಸರಪಡುವವರು ಅನೇಕರು. ಆ ಮೊತ್ತ ಯಾವ ವಿವರಗಳಿಂದ ಹುಟ್ಟಿತೆಂದು ನೋಡುವವರು ಕಡಿಮೆ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ ಅಡಿಯಲ್ಲಿ ನಡೆಯುವ ನಗರಸಭೆಗಳಲ್ಲಿ ಈಗಿರುವುದು ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ. ಅಂದರೆ ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಛಾವಣಿಯ ಬಗೆ, ಕಟ್ಟಿದ ವರ್ಷ, ಬಳಕೆಯ ಉದ್ದೇಶ ಇವಿಷ್ಟನ್ನೂ ಮಾಲೀಕರೇ ಘೋಷಣಾ ಪತ್ರದಲ್ಲಿ ಬರೆದುಕೊಡಬೇಕು. ಅದರಲ್ಲಿ ಒಮ್ಮೆ ನುಸುಳಿದ ತಪ್ಪು, ಯಾರಾದರೂ ಹಿಡಿದು ತಿದ್ದಿಸುವವರೆಗೆ, ವರ್ಷದಿಂದ ವರ್ಷಕ್ಕೆ ಹಾಗೆಯೇ ಮುಂದುವರಿಯುತ್ತದೆ.

ಲೆಕ್ಕದ ಬುನಾದಿ ಮಾರ್ಗಸೂಚಿ ಬೆಲೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರ ನೋಂದಾಯಿಸುವಾಗ ಬಳಸುವ ಬೆಲೆಯೇ ಇದು. ನಿವೇಶನಕ್ಕೆ ರಸ್ತೆಯನ್ನೂ ಬಡಾವಣೆಯನ್ನೂ ಅನುಸರಿಸಿ ಒಂದು ದರ, ಕಟ್ಟಡಕ್ಕೆ ಅದರ ಬಗೆಯನ್ನು ಅನುಸರಿಸಿ ಮತ್ತೊಂದು ದರ ಇರುತ್ತದೆ. ಕಟ್ಟಡ ಹಳೆಯದಾದಷ್ಟೂ ಸವಕಳಿ ಎಂದು ಒಂದಿಷ್ಟು ಕಳೆಯಲಾಗುತ್ತದೆ. ಈ ಬೆಲೆಗಳು 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕರಣೆಗೊಂಡಿವೆ. ಇದಲ್ಲದೆ ತೆರಿಗೆಯನ್ನು ವರ್ಷಕ್ಕೆ ಶೇ 3ರಿಂದ 5ರವರೆಗೆ ಏರಿಸಲು ಕಾಯ್ದೆಯಲ್ಲೇ ಅವಕಾಶವಿದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಒಂದು ಇಟ್ಟಿಗೆಯೂ ಕದಲದಿದ್ದರೂ ತೆರಿಗೆ ಸ್ವಲ್ಪ ಏರುವುದು ಸಹಜ. ಅದಕ್ಕಿಂತ ಹೆಚ್ಚಿಗೆ ಏರಿದ್ದರೆ ಮಾತ್ರ ಕಾರಣ ಹುಡುಕಬೇಕು.

ಮಲೆನಾಡಿನ ಹಳೆಯ ಮನೆಗಳಲ್ಲಿ ಆ ಕಾರಣ ಸಾಮಾನ್ಯವಾಗಿ ಛಾವಣಿಯ ಕಾಲಂನಲ್ಲಿ ಸಿಗುತ್ತದೆ. ನನ್ನ ಬಳಿಗೆ ಕಡತ ತಂದಿದ್ದ ಹಿರಿಯರೊಬ್ಬರ ಮನೆಗೆ ಹೋಗಿ ನಾನೇ ಟೇಪು ಹಿಡಿದು ಅಳೆದಿದ್ದೆ. ಮುಂದಿನ ಪಡಸಾಲೆಯಿಂದ ಅಡುಗೆಮನೆಯವರೆಗೂ ಮಂಗಳೂರು ಹೆಂಚು, ಹಿತ್ತಲಲ್ಲಿ ಸೌದೆ ಒಟ್ಟುವುದಕ್ಕೆಂದು ಇಳಿಸಿದ್ದ ತಗಡಿನ ಮಾಡು. ಘೋಷಣಾ ಪತ್ರದಲ್ಲಿ ಮಾತ್ರ ಇಡೀ ಮನೆ ಆರ್‌ಸಿಸಿ ಎಂದಿತ್ತು. ಸೌದೆಯ ಮಾಡನ್ನೂ ಅದೇ ದರದಲ್ಲಿ ಸೇರಿಸಲಾಗಿತ್ತು. ತುಂಬಿಸಿಕೊಟ್ಟವರು ಯಾರೋ ಪರಿಚಯದ ಹುಡುಗ, ಸಹಿ ಮಾತ್ರ ಅವರದು. ಎಷ್ಟೋ ವರ್ಷ ಆ ಹಿರಿಯರು ಇಲ್ಲದ ತಾರಸಿಗೆ ತೆರಿಗೆ ಕಟ್ಟಿದ್ದರು. ನಿಮ್ಮದೂ ಹೆಂಚಿನ ಮನೆಯಾದ್ದರಿಂದ ಮೊದಲು ಈ ಕಾಲಂ ನೋಡಿ. ಬಳಿಕ ನಿವೇಶನ ಯಾವ ರಸ್ತೆಯ ದರದಲ್ಲಿದೆ ಎಂದು ನೋಡಿ. ಬಾಗಿಲು ಅಡ್ಡರಸ್ತೆಗಿದ್ದರೂ ಮುಖ್ಯರಸ್ತೆಯ ದರ ಬಿದ್ದಿರುವ ಸಾಧ್ಯತೆಯಿದೆ.

ಟೈಲರ್ ಅಂಗಡಿಯ ವಿಷಯದಲ್ಲಿ ನೇರವಾಗಿ ಹೇಳಬೇಕು. ವಾಣಿಜ್ಯ ಬಳಕೆಯ ದರ ವಾಸದ ದರಕ್ಕಿಂತ ಹೆಚ್ಚು, ಆದರೆ ಅದು ಅನ್ವಯವಾಗಬೇಕಾದುದು ಆ ಕೋಣೆಯ ವಿಸ್ತೀರ್ಣಕ್ಕೆ ಮಾತ್ರ. ಅಂಗಡಿಯನ್ನು ಮುಚ್ಚಿಟ್ಟು ಘೋಷಿಸುವುದು ತಪ್ಪು. ಒಂದು ಕೋಣೆಯ ಸಲುವಾಗಿ ಇಡೀ ಮನೆಯನ್ನು ವಾಣಿಜ್ಯವೆಂದು ನಮೂದಿಸಿದ್ದರೆ ಅದೂ ತಪ್ಪು. ಎರಡು ಭಾಗಗಳ ಅಳತೆಯನ್ನು ಬೇರೆ ಬೇರೆಯಾಗಿ ಬರೆದುಕೊಡಿ.

ಇನ್ನು ಉಪಕರಗಳು. ಇವುಗಳನ್ನು ತೆರಿಗೆಯ ಮೊತ್ತದ ಮೇಲೆ ಹಾಕಲಾಗುತ್ತದೆ: ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಉಪಕರ ಶೇ 6, ಭಿಕ್ಷುಕರ ಉಪಕರ ಶೇ 3. ತೆರಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಕ್ರಮವಾಗಿ 600, 240 ಮತ್ತು 120, ಒಟ್ಟು 960 ರೂಪಾಯಿ ಸೇರುತ್ತದೆ. ಇವು ಪ್ರತ್ಯೇಕ ರಾಜ್ಯ ಕಾಯ್ದೆಗಳ ಮೂಲಕ ಬಂದವು. ನಗರಸಭೆ ವಸೂಲು ಮಾಡಿ ದಾಟಿಸುತ್ತದೆಯಾದ್ದರಿಂದ ಕೌಂಟರಿನಲ್ಲಿ ಇವುಗಳ ಬಗ್ಗೆ ವಾದಿಸಿ ಪ್ರಯೋಜನವಿಲ್ಲ. ಕಸ ನಿರ್ವಹಣೆಯ ಶುಲ್ಕ ಬೇರೆ, ಯಗಚಿ ಮತ್ತು ಹಿರೇಕೊಳಲೆಯಿಂದ ಬರುವ ಕುಡಿಯುವ ನೀರಿನ ಶುಲ್ಕ ಬೇರೆ. ಕಸದ ಗಾಡಿ ಬರದಿದ್ದರೆ ಲಿಖಿತ ದೂರು ಕೊಡಿ, ಆದರೆ ಆ ಸಿಟ್ಟಿನಲ್ಲಿ ಆಸ್ತಿ ತೆರಿಗೆಯನ್ನು ತಡೆಹಿಡಿಯಬೇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ತೆರಿಗೆಯಲ್ಲಿ ಶೇ 5 ರಿಯಾಯಿತಿ ಇದೆ, 4,000 ರೂಪಾಯಿಗೆ ಅದು 200. ಕೆಲವು ವರ್ಷ ಸರ್ಕಾರ ಈ ಅವಧಿಯನ್ನು ವಿಸ್ತರಿಸಿದ್ದೂ ಉಂಟು. ಗಡುವು ದಾಟಿದರೆ ತಿಂಗಳಿಗೆ ಶೇ 2 ದಂಡ, ಅಂದರೆ ಅದೇ ಮೊತ್ತಕ್ಕೆ ತಿಂಗಳಿಗೆ 80 ರೂಪಾಯಿ.

ಕೊನೆಯ ಪ್ರಶ್ನೆಯೇ ನನಗೆ ಹೆಚ್ಚು ಆತಂಕ ತಂದಿದೆ. ತೆರಿಗೆ ರಸೀದಿಯಾಗಲಿ ಖಾತೆಯಾಗಲಿ ಒಡೆತನವನ್ನು ಸೃಷ್ಟಿಸುವುದಿಲ್ಲ ಎಂಬುದನ್ನು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಎಷ್ಟು ವರ್ಷ ನೀವೊಬ್ಬರೇ ಕಟ್ಟಿದರೂ, ತಂದೆಯವರು ಉಯಿಲು ಬರೆದಿರದಿದ್ದರೆ, ತಾಯಿ ಮತ್ತು ಒಡಹುಟ್ಟಿದವರ ಪಾಲು ಅಳಿಯುವುದಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಇದು ಅನ್ವಯಿಸುತ್ತದೆ. ಹಾಗೆಂದು ಖಾತೆಯನ್ನು ತಂದೆಯವರ ಹೆಸರಿನಲ್ಲೇ ಬಿಡುವಂತಿಲ್ಲ. ಈಗ ಇ-ಖಾತೆ, ಅಂದರೆ ಡಿಜಿಟಲ್ ರೂಪದ ಖಾತೆ, ಇಲ್ಲದೆ ಆಸ್ತಿಯ ನೋಂದಣಿ ಆಗುವುದಿಲ್ಲ. ಮಾರಾಟ, ವಿಭಾಗ, ದಾನ ಯಾವುದು ಬಂದರೂ ಆಗ ಓಡಾಡಬೇಕಾಗುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಂದೆಯವರ ಕ್ರಯಪತ್ರ ಮತ್ತು ಈವರೆಗಿನ ತೆರಿಗೆ ರಸೀದಿಗಳೊಂದಿಗೆ ಎಲ್ಲ ವಾರಸುದಾರರೂ ಸೇರಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಛಾವಣಿ, ಅಳತೆಗಳ ತಿದ್ದುಪಡಿಯನ್ನೂ ಅದೇ ಹೊತ್ತಿಗೆ ಲಿಖಿತವಾಗಿ ಕೇಳಿ, ಮನೆಯ ನಾಲ್ಕಾರು ಫೋಟೋ ಲಗತ್ತಿಸಿ. ಖಾತೆ ಬದಲಾವಣೆ ಸಕಾಲ ಸೇವೆಗಳಲ್ಲಿ, ಅಂದರೆ ನಿಗದಿತ ದಿನಗಳೊಳಗೆ ಕೊಡಲೇಬೇಕಾದ ಸರ್ಕಾರಿ ಸೇವೆಗಳಲ್ಲಿ, ಸೇರಿದೆ. ಸ್ವೀಕೃತಿ ಸಂಖ್ಯೆ ಪಡೆಯದೆ ಕೌಂಟರಿನಿಂದ ಹಿಂದಿರುಗಬೇಡಿ.