ಶಾಸಕರ ಮನೆಯ ಹುಡುಗನ ವಕೀಲಿ: ಬೋರ್ಡು, ಬಸ್ಸು, ಪಕ್ಷ
ನಿಮ್ಮ ಪ್ರಶ್ನೆ: ಚಿಕ್ಕಪ್ಪ ಶಾಸಕರು, ಮನೆಯಲ್ಲಿ ಬಸ್ ವ್ಯವಹಾರ, ಉಡುಪಿಯಲ್ಲಿ ವಕೀಲಿ ಶುರು ಮಾಡಬೇಕು, ಪಕ್ಷದ ಕೆಲಸವನ್ನೂ ಬಿಡಲಾರಿರಿ.

ಪಕ್ಷಕ್ಕೆ ತೊಡಕಿಲ್ಲ. ಶಾಸಕರು, ಸಂಸದರು ವಕೀಲಿ ಮಾಡುವುದನ್ನು ತಡೆಯುವ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಾಳೆ ನೀವೇ ಗೆದ್ದರೂ ಸನ್ನದು (ವಕೀಲಿ ಪರವಾನಗಿ) ಉಳಿಯುತ್ತದೆ.

ಎಡವುವುದು ಬಸ್ಸಿನಲ್ಲಿ. ವಕೀಲರನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ ನಿಯಮ 47ರಂತೆ ವಕೀಲ ಸ್ವತಃ ವ್ಯಾಪಾರ ನಡೆಸುವಂತಿಲ್ಲ. ನಿಷ್ಕ್ರಿಯ ಪಾಲುದಾರನಾಗಿರಬಹುದು (ಪಾಲು ಇರುತ್ತದೆ, ನಡೆಸುವ ಕೆಲಸ ಇರುವುದಿಲ್ಲ), ಅದೂ ವ್ಯವಹಾರ ವೃತ್ತಿಯ ಘನತೆಗೆ ಕುಂದಲ್ಲ ಎಂದು ರಾಜ್ಯ ಬಾರ್ ಕೌನ್ಸಿಲ್‌ಗೆ ಅನಿಸಿದರೆ. ಕಂಪನಿಯಾಗಿದ್ದರೆ ನಿರ್ದೇಶಕರಾಗಬಹುದು, ಆದರೆ ದೈನಂದಿನ ಆಡಳಿತ ಬೇಡ, ವ್ಯವಸ್ಥಾಪಕ ನಿರ್ದೇಶಕ ಹುದ್ದೆಯಂತೂ ಬೇಡವೇ ಬೇಡ. ಪಾಲುದಾರಿಕೆ ಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ ನೋಡಿ. ‘ಕಾರ್ಯನಿರತ’ ಎಂದಿದ್ದರೆ ವಕೀಲರಾಗಿ ನೋಂದಣಿಯಾಗುವ ಮೊದಲೇ ತಿದ್ದಿಸಿ. ಪರ್ಮಿಟ್ ಅರ್ಜಿಗಳಿಗೆ ಮಾಲೀಕರ ಪರವಾಗಿ ಸಹಿ ಹಾಕುವ ಅಭ್ಯಾಸವನ್ನೂ ಬಿಡಿ. ಮುಂದೆ ದೂರು ಬಂದರೆ ಅದೇ ಸಾಕ್ಷಿ.

ಕಚೇರಿಯ ಬೋರ್ಡಿನಲ್ಲಿ ಚಿಕ್ಕಪ್ಪನ ಹೆಸರು, ಪಕ್ಷದ ಹುದ್ದೆ ಹಾಕಬೇಡಿ. ನಿಯಮ 36 ಜಾಹೀರಾತನ್ನಷ್ಟೇ ಅಲ್ಲ, ಯಾವುದೇ ವ್ಯಕ್ತಿ ಅಥವಾ ಸಂಸ್ಥೆಯ ನಂಟು ತೋರಿಸುವುದನ್ನೂ ತಡೆಯುತ್ತದೆ. ಲೆಟರ್‌ಹೆಡ್‌ಗೂ ಇದೇ ಮಾತು. ಹಬ್ಬದ ಶುಭಾಶಯದ ಫ್ಲೆಕ್ಸ್‌ನಲ್ಲಿ ಹೆಸರಿನ ಜೊತೆ ‘ವಕೀಲರು’ ಎಂದು ಹಾಕಿಸುವ ಚಟ ನಮ್ಮೂರಲ್ಲಿ ಇದೆಯಲ್ಲ, ಅದರಿಂದಲೂ ದೂರವಿರಿ.

ನ್ಯಾಯಾಧೀಶರ ಪೀಠದಲ್ಲಿ ಹತ್ತಿರದ ಬಂಧು ಇದ್ದರೆ ಅಲ್ಲಿ ಹಾಜರಾಗುವಂತಿಲ್ಲ (ನಿಯಮ 6).

ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 2024ರ ತೀರ್ಪಿದೆ. ಆಮೇಲೆ ವಕೀಲಿ ಮುಂದುವರಿಸಲು ಪಾಸಾಗಲೇಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆಗೆ 2 ವರ್ಷದ ಗಡುವು, ಮರೆಯಬೇಡಿ.